ನಾ ಹೊರಗ ಅದೀನ್ರಿ

ಪಂಖಾ ಕರ್ ಕರ್ ಅಂತಿದೆ, ಸಾಕ್ಷಿ ಕಟಕಟೆಯ ಮೇಲೆ ಯಾರದೋ ಅಂಗೈ ಬೆವರು ಇನ್ನೂ ಆರಿಲ್ಲ, ಅದರ ಮೇಲೆಯೇ ರೇಣವ್ವ ಕೈಯಿಟ್ಟಳು, ಕೈ ಅಂದರೆ ಜೋಡಿ ಕೆಲಸಕ್ಕಿದ್ದ ಮರೆವ್ವನ ಕೈ, ಫ್ಯಾಕ್ಟರಿ ಹೊಸ್ತಿಲ ಆಚೆ ಚಾಚಿದ್ದು, ಹಸಿರು ಬಳೆ ಒಂದೂ ಒಡೆದಿರಲಿಲ್ಲ — ಬ್ಯಾಡ, ಈಗ ಅದು ಬ್ಯಾಡ, ಕಂಪನಿ ವಕೀಲ ಕೇಳುತ್ತಿದ್ದಾನೆ, ಬಣ್ಣದ ಫ್ಯಾಕ್ಟರಿ ಸಿಡಿದಾಗಿಂದ ನಿನಗೇನವ್ವಾ ತ್ರಾಸು, ಗಟ್ಟಿ ಹೇಳು. ಗಟ್ಟಿ! ಹಿಂದಿನ ಬಾಕಿನ ಮೇಲೆ ಮಾವ ಲಕ್ಷ್ಮಪ್ಪ, ಅವರ ಮುಂದೆ ಇವತ್ತಿನ ತನಕ ತಲೆಯ ಸೆರಗು ಜಾರಿಸಿದವಳಲ್ಲ, ಬಾಜೂಕ ಇಳಕಲ್ಲಿನ ಓಣಿಯ ಗಂಡಸರು, ಕೆಮ್ಮುತ್ತ, ಕೆಮ್ಮು ಹೇಳೋದು ಸಲೀಸು, ಕಣ್ಣುರಿ ಹೇಳೋದು ಸಲೀಸು, ಸೆರಗು ಬಾಯಿಗೊತ್ತಿ ಅಂದಳು, ಆವತ್ತಿನಿಂದ ನಾ ಹೊರಗ ಅದೀನ್ರಿ. ವಕೀಲನ ಮುಖ ಅರಳಿತು. ಕೇಳಿದ್ರೇನ್ರಿ ಸಾಹೇಬ್ರ, ಸಿಡಿದ ದಿನ ಈಕಿ ಹೊರಗ ಇದ್ಲಂತ, ಒಳಗ ಇದ್ದಾಕಿನ ಅಲ್ಲ, ಪರಿಹಾರ ಎಲ್ಲೀದು? ಆವತ್ತಿನಿಂದ ಅಂದದ್ದು ಆವತ್ತು ಆಯಿತು, ಹಿಂದೆ ಯಾರೋ ಕಿಸಕ್ಕನೆ ನಕ್ಕರು, ಅರ್ಥವಾದವರೇ ನಕ್ಕದ್ದು, ಈ ವಕೀಲನೂ ಬಾಗಲಕೋಟಿಯವನೇ, ಅವನ ಹಡೆದವ್ವನೂ ತಿಂಗಳಿಗೊಮ್ಮೆ ಮೂರು ದಿನ ಹೊರಗ ಕುಂತಾಕಿನೇ, ತಿಳಿಯದ ಮಾತೇ ಇದು, ತಿಳಿದೇ ಹಿಡಕೊಂಡಾನ ಭಾಡ್ಯಾ — ಮೂರು ದಿನವೇ, ಎಂಬತ್ತೆರಡರ ದೀಪಾವಳಿ ಹೋಯಿತು, ಯುಗಾದಿ ಹೋಯಿತು, ದನದ ಕೊಟ್ಟಿಗೆಯ ಮೂಲೆಯಲ್ಲಿ ಅವಳ ಚಾಪೆ, ಅತ್ತಿ ಗಂಗಾಳವನ್ನು ದೂರದಿಂದ ಸರಿಸುತ್ತಾಳೆ, ಒಳಗ ಬರಬ್ಯಾಡ, ಹೊಸ್ತಿಲ ದಾಟಬ್ಯಾಡ, ದವಾಖಾನಿಯ ಡಾಕ್ಟರು ತಲೆ ಎತ್ತದೆ, ಹೆಂಗಸರದು ಇದ್ದದ್ದೇ, ಹೊಗೆಗೂ ಇದಕ್ಕೂ ಏನು ಸಂಬಂಧ, ಆ ಹಳದಿ ಹೊಗೆ, ಡ್ರಮ್ಮು ಸಿಡಿದದ್ದೇ ಇಬ್ಬರೂ ನೆಲ ಹಿಡಿದು ತೆವಳಿದರು, ಮರೆವ್ವನ ಕೈಯಷ್ಟೇ ದಾಟಿತು, ಅಕಿ ಒಳಗೋ ಹೊರಗೋ, ಹೇಳಲೇ ವಕೀಲಾ! ಜಡ್ಜ್ ಸಾಹೇಬರು ಕನ್ನಡಕ ತೆಗೆದರು, ನೋಡಮ್ಮ, ಒಳಗಿದ್ದೆಯೋ ಹೊರಗಿದ್ದೆಯೋ, ಒಂದು ಹೇಳು. ಹೇಳಿದರೆ ಮಾವ ಕೇಳುತ್ತಾರೆ, ಓಣಿ ಕೇಳುತ್ತದೆ, ನಾಳೆ ನೀರಿಗೆ ಹೋದರೆ ಕೊಡ ಇಳಿಸಿ ನೋಡುತ್ತಾರೆ, ಹೇಳದಿದ್ದರೆ ಅವಳು ಅಲ್ಲಿ ಇರಲೇ ಇಲ್ಲ, ಹೊಗೆ ಕುಡಿಯಲೇ ಇಲ್ಲ, ಒಳಗಿದ್ದೆನ್ರಿ, ಒಳಗ ಇದ್ದೆ, ಹೊರಗ ಅಂದ್ರ — ರಕ್ತರೀ, ರಕ್ತ ನಿಲ್ಲವಲ್ದು. ಪಂಖಾ ಕರ್ ಕರ್. ಕೆಮ್ಮೂ ನಿಂತಿತು. ಮಾವ ರುಮಾಲಿನ ಚುಂಗು ಮುಖದ ಮೇಲೆ ಎಳಕೊಂಡರು, ಎಲ್ಲಿ ನೋಡಲಿ, ಸತ್ತಾದರೂ ಹೋಗಬಾರದೇ, ನೆಲ, ನೆಲದ ಕೊನೆಗೆ ಬಾಗಿಲು, ಬಾಗಿಲಿಗೆ ಹೊಸ್ತಿಲು, ಆಚೆ ಆ ಕೈ, ಹಸಿರು ಬಳೆ, ಒಂದೂ ಒಡೆದಿಲ್ಲ, ಒಂದೂ —