ಮುನಿಸಿಕೊಂಡ ಕೆಂಪು ಛತ್ರಿ

ಬಸ್ ನಿಲ್ದಾಣದ ಹಿಂಬದಿಯಲ್ಲಿ, ಕಳೆದುಹೋದ ಸಾಮಾನುಗಳ ಕಚೇರಿಯ ಕೌಂಟರಿನಲ್ಲಿ ಅತ್ತೆ ಕೂರುತ್ತಿದ್ದರು. ಅಲ್ಲಿನ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದುಕೊಟ್ಟವಳು ಸೊಸೆ. ಬಸ್ಸಿನಲ್ಲಿ ಸಿಕ್ಕ ಛತ್ರಿ, ಚೀಲ, ಹಲ್ಲುಸೆಟ್ಟುಗಳ ವಿವರವೆಲ್ಲ ಡೇಟಾಬೇಸಿನ ಒಂದು ಟೇಬಲ್ಲಿನೊಳಗೆ ಸಾಲುಸಾಲಾಗಿ ಇರುತ್ತಿತ್ತು. ವಸ್ತು, ಬಣ್ಣ, ಸಿಕ್ಕ ಜಾಗ ಅಂತ ಕಾಲಂಗಳು.

ತಾಪತ್ರಯ ಶುರುವಾದದ್ದು ಮ್ಯಾನೇಜರಿಂದ. ಟೇಬಲ್ಲಿಗೆ ಹೊಸ ಕಾಲಂ ಸೇರಿಸುವುದನ್ನು ಅವರು ಎಲ್ಲೋ ಕಲಿತುಬಿಟ್ಟಿದ್ದರು. ಅವರು ಸೇರಿಸುವುದು, ಅದು ಪರದೆಯ ಮೇಲೆ ಬಾರದಿರುವುದು, ಅತ್ತೆ ಮನೆಗೆ ಬಂದು ಸೊಸೆಯನ್ನು ತರಾಟೆಗೆ ತೆಗೆದುಕೊಳ್ಳುವುದು. ರೋಸಿಹೋದ ಸೊಸೆ ಒಂದು ಭಾನುವಾರ ಕೂತು ಕೋಡನ್ನೇ ತಿದ್ದಿದಳು. ಇನ್ನು ಮೇಲೆ ಪ್ರೋಗ್ರಾಂ ನೇರವಾಗಿ ಟೇಬಲ್ಲನ್ನೇ ಕೇಳುತ್ತದೆ: ನಿನ್ನೊಳಗಿನ ಒಂದು ಸಾಲೂ ಬೇಡ, ಕಾಲಂಗಳ ಹೆಸರಷ್ಟು ಹೇಳು. ಅದು ಹೇಳಿದ ಒಂದೊಂದು ಹೆಸರಿಗೂ ಪರದೆಯ ಮೇಲೆ ಒಂದು ಖಾಲಿ ಚೌಕ ಮೂಡುತ್ತದೆ. ತುಂಬದೆ ಮುಂದಕ್ಕೆ ಹೋಗುವಂತಿಲ್ಲ.

ಮಾರನೆಯ ದಿನವೇ ಅತ್ತೆಯ ಫೋನು. “ಏನೇ, ಇದು ‘ವಾಸನೆ’ ಅಂತ ಕೇಳ್ತಿದೆಯಲ್ಲ?”

“ಮ್ಯಾನೇಜರ್ ಸೇರಿಸಿರ್ಬೇಕು ಅತ್ತೆ. ಏನೋ ಒಂದು ಬರೀರಿ.”

“ಏನೋ ಒಂದು ಬರೆಯೋಕೆ ಇದೇನು ನಮ್ಮನೇನಾ? ಆಫೀಸು!” ಎಂದ ಅತ್ತೆ, ಕಪಾಟಿನಲ್ಲಿದ್ದ ಅಷ್ಟೂ ಸಾಮಾನನ್ನು ಒಂದೂ ಬಿಡದೆ ಮೂಸಿ ನೋಡಿ ಬರೆದರು.

ಆಮೇಲೆ ‘ಸ್ವಭಾವ’ ಬಂತು. ಹೇಗೆ ನಡೆಯುತ್ತಿದೆಯೋ ನೋಡೋಣವೆಂದು ಸೊಸೆ ಕಚೇರಿಗೆ ಹೋದಾಗ ಮೇಷ್ಟ್ರೊಬ್ಬರು ಕೌಂಟರಿನ ಮುಂದೆ ನಿಂತಿದ್ದರು.

“ನನ್ನ ಛತ್ರಿ ಕಪ್ಪು ಬಣ್ಣದ್ದಮ್ಮಾ.”

“ಎಲ್ಲರದ್ದೂ ಕಪ್ಪೇ ಮೇಷ್ಟ್ರೇ. ಸ್ವಭಾವ ಹೇಳಿ.”

ಮೇಷ್ಟ್ರು ತಲೆ ಕೆರೆದುಕೊಂಡರು. “ಸ್ವಲ್ಪ ಸಂಕೋಚದ್ದು. ನಾಲ್ಕು ಜನರ ಎದುರು ಬಿಚ್ಚಿಕೊಳ್ಳಲ್ಲ.”

“ಹಾಗೆ ಹೇಳಿ ಮತ್ತೆ!” ಎಂದು ಅತ್ತೆ ಕೆಳಗಿನ ಅರೆಯಿಂದ ಒಂದನ್ನು ಎಳೆದು ಕೊಟ್ಟರು. ಅದು ಅವರದೇ ಆಗಿತ್ತು. ಸೊಸೆ ಬಂದ ದಾರಿಯಲ್ಲೇ ಮನೆಗೆ ಹೊರಟಳು.

ತಮ್ಮ ಕಾಲಂಗಳು ಗೆದ್ದವೆಂಬ ಹುರುಪಿನಲ್ಲಿ ಮ್ಯಾನೇಜರು ‘ಮ್ಯಾನೇಜರ ಬಗ್ಗೆ ಅಭಿಪ್ರಾಯ’ ಎಂಬ ಕಾಲಂ ಸೇರಿಸಿದರು. ಅತ್ತೆ ತುಂಬಿದ ಚೌಕಗಳಲ್ಲಿ ಚೀಲಗಳು ‘ಒಳ್ಳೆಯವರು’ ಎಂದವು. ಹಲ್ಲುಸೆಟ್ಟು ‘ದೇವರಂಥವರು’ ಎಂದಿತು. ಒಂದು ಕೆಂಪು ಛತ್ರಿಯ ಚೌಕದಲ್ಲಿ ಮಾತ್ರ ‘ಅಷ್ಟಕ್ಕಷ್ಟೇ’ ಎಂದಿತ್ತು.

ಮ್ಯಾನೇಜರು ಸೊಸೆಗೆ ಹೇಳಿಕಳಿಸಿದರು. ಅವಳು ಹೋಗಿ ನೋಡಿದರೆ ಛತ್ರಿಯನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿಕೊಂಡಿದ್ದರು. ಮುಖ ಬಾಡಿತ್ತು.

“ನಿಮ್ಮ ಕೋಡಲ್ಲೇನಾದ್ರೂ ತಪ್ಪಿರಬಹುದಾ?”

“ಕೋಡು ಕಾಲಂ ಹೆಸರಷ್ಟೇ ತರುತ್ತೆ ಸರ್. ಅದರೊಳಗೆ ಏನಿದೆ ಅಂತ ಕಣ್ಣೆತ್ತೂ ನೋಡಲ್ಲ.”

“ಹಾಗಾದ್ರೆ ಇದು ಛತ್ರೀದೇ ಮಾತು.” ನಿಟ್ಟುಸಿರು ಬಿಟ್ಟು ಅತ್ತೆಯನ್ನು ಕರೆಸಿದರು. “ನಾನೇನು ಮಾಡಿದೀನಿ ಅಮ್ಮಾ ಇದಕ್ಕೆ?”

“ಬಂದ ದಿನ ನೀವೇ ತಾನೇ ಸರ್ ಇದನ್ನ ಕಸದಬುಟ್ಟೀಲಿ ನಿಲ್ಲಿಸಿದ್ದು?”

ಮ್ಯಾನೇಜರು ಎದ್ದು ನಿಂತು, ಇಬ್ಬರ ಎದುರೇ, ತಪ್ಪಾಯಿತು ಎಂದು ಛತ್ರಿಗೆ ಕೈಮುಗಿದರು. ನಗು ಉಕ್ಕಿ ಬಂದು ಸೊಸೆ ಗೋಡೆಯ ಕಡೆ ತಿರುಗಿಕೊಂಡಳು. ಅತ್ತೆ ಮಾತ್ರ ಛತ್ರಿಯ ಹಿಡಿಗೆ ಕಿವಿಗೊಟ್ಟು, “ಯೋಚಿಸಿ ಹೇಳ್ತೀನಿ ಅಂತಿದೆ ಸರ್” ಎಂದರು.

ಅದು ಹೇಳುವಷ್ಟರಲ್ಲಿ ನರ್ಸೊಬ್ಬಳು ಬಂದು ಛತ್ರಿ ತನ್ನದೆಂದಳು. ವಾಸನೆ, ಸ್ವಭಾವ ಎಲ್ಲ ಸರಿಹೊಂದಿತು. ಮ್ಯಾನೇಜರು ತಾವೇ ಅದನ್ನು ಎತ್ತಿಕೊಂಡು ಬಸ್ಸಿನ ಬಾಗಿಲವರೆಗೂ ಬಂದು ಹತ್ತಿಸಿದರು. “ಹುಷಾರಾಗಿ ನೋಡ್ಕೊಳಮ್ಮಾ” ಎಂದರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತೇ ಇದ್ದರು.

ಸಂಜೆ ಅವರೇ ಆ ಕಾಲಂ ಅಳಿಸಿದರು. ಮರುದಿನ ಪರದೆಯಿಂದ ಆ ಚೌಕ ತಾನಾಗಿ ಮಾಯವಾಗಿತ್ತು. ಕಚೇರಿಗೆ ನೋಡಲು ಬಂದ ಸೊಸೆ ಒಂದಕ್ಷರವನ್ನೂ ಮುಟ್ಟಬೇಕಾಗಲಿಲ್ಲ. ಕೋಡು ಗೆದ್ದಿತ್ತು. ಆದರೂ ತಮ್ಮ ಕೋಣೆಯ ಗಾಜಿನ ಆಚೆ ಒಬ್ಬರೇ ಕೂತಿದ್ದ ಮ್ಯಾನೇಜರನ್ನು ಕಂಡು ಅವಳಿಗೆ ಪಾಪ ಎನಿಸಿತು.

“ಅತ್ತೆ, ಆ ‘ಅಷ್ಟಕ್ಕಷ್ಟೇ’ ನಿಮ್ಮ ಮಾತೇ ತಾನೇ?” ಎಂದು ಮೆಲ್ಲಗೆ ಕೇಳಿದಳು.

“ಥೂ, ನಾನ್ಯಾಕೆ ಹಾಗಂತೀನಿ? ನನಗೆ ಅವರು ತುಂಬ ಒಳ್ಳೆಯವರಪ್ಪ” ಎಂದ ಅತ್ತೆ, ಅವರಿಗೆ ಟೀ ತೆಗೆದುಕೊಂಡು ಒಳಗೆ ಹೋದರು.