ಹದಿನಾಲ್ಕನೆಯ ಗುಂಡಿ

ಓರಗಿತ್ತಿ ನಮ್ಮ ಮನೆಗೆ ಬಂದ ಐದೇ ತಿಂಗಳಿಗೆ ಬಸಿರಾದಳು. ನಾನು ಆ ಮನೆಯ ಹಿರಿ ಸೊಸೆಯಾಗಿ ಬಂದು ಆಗ ನಾಲ್ಕು ವರ್ಷ ಕಳೆದಿತ್ತು. ಸುದ್ದಿ ತಿಳಿದ ದಿನ ಅತ್ತೆ ನನ್ನ ಕೋಣೆಗೆ ಬಂದು, "ನಿನ್ನ ಹತ್ರ ಎರಡು ದಿಂಬು ಇದೆಯಲ್ಲ, ಒಂದು ಅವಳಿಗೆ ಕೊಡಮ್ಮ. ಸೊಂಟಕ್ಕೆ ಬೇಕಾಗುತ್ತೆ" ಎಂದರು. ಕೊಟ್ಟೆ. ಅದು ನನ್ನ ಗಂಡನ ದಿಂಬು. ಅವರು ಲಾರಿ ಓಡಿಸುವವರು, ತಿಂಗಳಲ್ಲಿ ಐದಾರು ದಿನ ಮನೆಯಲ್ಲಿದ್ದರೆ ಹೆಚ್ಚು. ದಿಂಬು ಸುಮ್ಮನೆ ಬಿದ್ದಿರುತ್ತಿತ್ತು, ನಿಜ. ಆದರೂ ಆ ರಾತ್ರಿ ಅದರ ಖಾಲಿ ಜಾಗಕ್ಕೆ ಬೆನ್ನು ಹಾಕಿ ಮಲಗಿದೆ.

ನಾವಿಬ್ಬರೂ ಒಂದೇ ಟೈಲರ್ ಅಂಗಡಿಗೆ ಹೋಗುತ್ತಿದ್ದೆವು. ಅವಳದು ಇಸ್ತ್ರಿ, ನನ್ನದು ಕಾಜಾ ಹೊಲಿದು ಗುಂಡಿ ಹಚ್ಚುವ ಕೆಲಸ. ಒಂದು ದಿನ, ಮಾಲೀಕರು ಹೊರಗೆ ಹೋದಾಗ, ಅಭಿಮಾನ ಬಿಟ್ಟು ಕೇಳಿಯೇಬಿಟ್ಟೆ.

"ಅದು ಹೇಗೆ ನಿನಗೆ ಇಷ್ಟು ಬೇಗ?"

ಅವಳು ನಾಚಿಕೊಂಡಳು. "ಡಾಕ್ಟರಮ್ಮ ಹೇಳಿದ್ರು ಅಕ್ಕ. ನನಗೆ ಇಪ್ಪತ್ತೆಂಟು ದಿನಕ್ಕೆ ಸರಿಯಾಗಿ ಮುಟ್ಟಾಗುತ್ತೆ. ಅದಕ್ಕೆ ಹದಿನಾಲ್ಕನೇ ದಿನದ ಆಸುಪಾಸು ನೋಡ್ಕೋ ಅಂದ್ರು."

ಹದಿನಾಲ್ಕು ಎಂಬುದೊಂದೇ ನನ್ನ ಕಿವಿಗೆ ಬಿತ್ತು. ಉಳಿದದ್ದು ಬೇಕಿರಲಿಲ್ಲ.

ನನಗೆ ಕ್ಯಾಲೆಂಡರ್ ನೋಡುವ ಅಭ್ಯಾಸ ಇರಲಿಲ್ಲ. ಅಂಗಡಿಯಲ್ಲಿ ಬಿಸಾಡುವ ಒಡಕು ಗುಂಡಿಗಳನ್ನು ತಂದು, ಮುಟ್ಟಾದ ದಿನದಿಂದ ದಿನಕ್ಕೊಂದರಂತೆ ಒಂದು ಡಬ್ಬಿಗೆ ಹಾಕುತ್ತಾ ಹೋದೆ. ಹದಿನಾಲ್ಕನೆಯದು ಕೆಂಪು ಗುಂಡಿ. ಗಂಡನಿಗೆ ಹೇಳಿದೆ, ಅವರೂ ಲಾರಿ ಮಾಲೀಕನ ಕೈಕಾಲು ಹಿಡಿದು ಹನ್ನೆರಡನೆಯ ದಿನಕ್ಕೆ ಬಂದು, ಹದಿನಾಲ್ಕು ಮುಗಿಸಿ, ಹದಿನೈದರ ಬೆಳಿಗ್ಗೆ ಹೊರಡುತ್ತಿದ್ದರು. ನಾಲ್ಕು ಸಲ ಹೀಗೆ ಮಾಡಿದೆವು. ನಾಲ್ಕು ಸಲವೂ ಮುಟ್ಟಾಗಿ, ಡಬ್ಬಿ ಬರಿದು ಮಾಡಿ ಮೊದಲಿನಿಂದ ಶುರು ಮಾಡಿದೆ.

ಅಷ್ಟರಲ್ಲಿ ಅವಳ ಹೊಟ್ಟೆ ಮುಂದೆ ಬಂದಿತ್ತು. ಅವಳು ಕುಳಿತರೆ ಅತ್ತೆ ಎದ್ದು ಫ್ಯಾನ್ ಹಾಕುತ್ತಿದ್ದರು. ನಾನು ಅದೇ ಫ್ಯಾನಿನ ಕೆಳಗೆ ನಾಲ್ಕು ವರ್ಷದಿಂದ ಬೆವರು ಒರೆಸಿಕೊಂಡಿದ್ದೆ. ಅವಳ ಹೆಜ್ಜೆ ಸದ್ದು ಕೇಳಿದರೆ ನನ್ನ ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಇವಳು ಬೇಕೆಂದೇ ಸುಳ್ಳು ಲೆಕ್ಕ ಕೊಟ್ಟಿದ್ದಾಳೆ, ಮನೆಯಲ್ಲಿ ತನ್ನದೊಂದೇ ಮಗು ಇರಲಿ ಅಂತ, ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಐದನೆಯ ಸಲ ಡಬ್ಬಿ ತುಂಬುತ್ತಾ ಬಂದಾಗ ಅವಳು ಒಂದು ರವಿಕೆ ಹಿಡಿದುಕೊಂಡು ಬಂದಳು. "ಅಕ್ಕ, ಬಿಗಿ ಆಗ್ತಿದೆ. ಬದಿ ಹೊಲಿಗೆ ಸ್ವಲ್ಪ ಸಡಿಲ ಮಾಡಿಕೊಡ್ತೀಯಾ?"

"ನನಗೆ ಸುಳ್ಳು ಹೇಳಿ ನೀನು ಹಿಗ್ಗಿದ್ದೀಯ. ರವಿಕೆನೂ ನೀನೇ ಹಿಗ್ಗಿಸ್ಕೋ."

ಅವಳ ಮುಖ ಸಪ್ಪಗಾಯಿತು. "ಏನು ಸುಳ್ಳು ಹೇಳ್ದೆ?"

"ಹದಿನಾಲ್ಕು."

ಅವಳು ಜಗಳಕ್ಕೆ ಬರಲಿಲ್ಲ. ಮರುದಿನ ಬೆಳಿಗ್ಗೆ ನನಗೆ ಮತ್ತೆ ಮುಟ್ಟಾಗಿತ್ತು, ಡಬ್ಬಿ ಇನ್ನೂ ಬರಿದು ಮಾಡಿರಲಿಲ್ಲ. ಅವಳು ಡಬ್ಬಿಯನ್ನೂ ನನ್ನ ಕೈಯನ್ನೂ ಹಿಡಿದು ಆಸ್ಪತ್ರೆಯ ನರ್ಸಮ್ಮನ ಮುಂದೆ ತಂದು ಕೂರಿಸಿದಳು.

ನರ್ಸಮ್ಮ ಕನ್ನಡಕ ಏರಿಸಿ ಗುಂಡಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಮೂವತ್ತೈದು.

"ಪ್ರತಿ ಸಲ ಇಷ್ಟೇನಾ?"

"ಒಂದೆರಡು ಹೆಚ್ಚು ಕಡಿಮೆ."

ಅವರು ಸಾಲಿನ ಕೊನೆಯಿಂದ ಹದಿನಾಲ್ಕು ಗುಂಡಿ ತೆಗೆದು ಪಕ್ಕಕ್ಕೆ ಸರಿಸಿದರು. "ನೀನು ಮುಂದಿನಿಂದ ಎಣಿಸ್ದೆ. ಹಿಂದಿನಿಂದ ಎಣಿಸ್ಬೇಕು. ಅಂಡ ಹೊರಗೆ ಬಂದ ಮೇಲೆ ಮುಟ್ಟಾಗೋಕೆ ಸುಮಾರು ಎರಡು ವಾರ. ಅದು ಹೆಚ್ಚಿನವರಿಗೆ ಒಂದೇ ಥರ. ಅದಕ್ಕೆ ಮುಂಚಿನ ದಿನಗಳು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ. ನಿನ್ನದು ಇಪ್ಪತ್ತೊಂದರ ಹತ್ತಿರ. ಅಂಡ ಇರೋದು ಒಂದೇ ದಿನ, ಗಂಡಸಿನ ಬೀಜ ಒಳಗೆ ನಾಲ್ಕೈದು ದಿನ ಕಾಯುತ್ತೆ. ಹಾಗಾಗಿ ಈ ಆರು ಗುಂಡಿ ನಿನ್ನದು." ಹದಿನಾರರಿಂದ ಇಪ್ಪತ್ತೊಂದರವರೆಗೆ ಬೆರಳು ಎಳೆದರು. "ಆಗ ನಿನ್ನ ಗಂಡನ ಲಾರಿ ಎಲ್ಲಿತ್ತು?"

ನಾನು ತಲೆ ತಗ್ಗಿಸಿದೆ. ಓರಗಿತ್ತಿ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು.

"ಹಾಗಂತ ಆ ದಿನ ಬಂದ ತಕ್ಷಣ ಆಗಿಬಿಡುತ್ತೆ ಅಂತಲ್ಲ" ಎಂದರು ನರ್ಸಮ್ಮ. "ಎಲ್ಲ ಸರಿ ಇದ್ದವರಿಗೂ ನಾಲ್ಕು ತಿಂಗಳಲ್ಲಿ ಒಂದು ಸಲ ಬಸಿರು ನಿಂತರೆ ಪುಣ್ಯ. ದಿನ ಒಂದಿಷ್ಟು ಆಚೀಚೆನೂ ಆಗುತ್ತೆ. ನಾಲ್ಕು ವರ್ಷ ಆಯ್ತಲ್ಲ, ಇಬ್ಬರೂ ಪರೀಕ್ಷೆ ಮಾಡಿಸ್ಕೊಳ್ಳಿ. ಅವರನ್ನೂ ಕರ್ಕೊಂಡು ಬಾ, ಒಬ್ಬಳೇ ಬರಬೇಡ."

ಅವಳು ಇಪ್ಪತ್ತೆಂಟು ಎಂದು ಬಾಯಿಬಿಟ್ಟು ಹೇಳಿದ್ದಳು. ಅವಳಿಗೆ ಸಿಕ್ಕಿದ್ದೇ ನನಗೂ ಬೇಕೆಂಬ ಹಟಕ್ಕೆ ಬಿದ್ದು ಅವಳ ಮೈಯ ಲೆಕ್ಕವನ್ನೇ ಎತ್ತಿಕೊಂಡು ಬಂದವಳು ನಾನು. ದಾರಿಯುದ್ದಕ್ಕೂ ತಪ್ಪಾಯ್ತು ಎನ್ನಲು ನಾಲಿಗೆ ಏಳಲಿಲ್ಲ. ಅಂಗಡಿಗೆ ಹೋದವಳೇ ರವಿಕೆ ಈಸಿಕೊಂಡು ಎರಡೂ ಬದಿ ಬಿಚ್ಚಿ, ಇನ್ನೆರಡು ತಿಂಗಳಿಗೆ ಸಾಲುವಷ್ಟು ಬಟ್ಟೆ ಬಿಟ್ಟು ಹೊಲಿದೆ.

ಪರೀಕ್ಷೆಯಲ್ಲಿ ಇಬ್ಬರಿಗೂ ತೊಂದರೆ ಕಾಣಲಿಲ್ಲ. ಗಂಡ ಸರದಿ ಬದಲಿಸಿಕೊಂಡರು. ಕೆಂಪು ಗುಂಡಿ ಹದಿನಾರಕ್ಕೆ ಹೋಯಿತು. ಆಮೇಲೂ ಡಬ್ಬಿ ನಾಲ್ಕು ಸಲ ಬರಿದಾಯಿತು. ಒಂದೊಂದು ಸಲ ಬರಿದಾದಾಗಲೂ ಪಕ್ಕದ ಕೋಣೆಯಲ್ಲಿ, ಅಷ್ಟರಲ್ಲಿ ಹುಟ್ಟಿದ್ದ ಅವಳ ಕೂಸು ಅಳುತ್ತಿತ್ತು. ನಾನು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ.

ಐದನೆಯ ಸಲ ಅವಳೇ ಡಬ್ಬಿ ಎತ್ತಿ ಅಲ್ಲಾಡಿಸಿದಳು. "ಅಕ್ಕ, ಭಾರ ಆಗಿದೆಯಲ್ಲ. ಎಷ್ಟು?"

"ನಲವತ್ತನಾಲ್ಕು."

"ಅತ್ತೆಗೆ ಹೇಳ್ದೆಯಾ?"

"ಮೊದಲು ನರ್ಸಮ್ಮ ನೋಡ್ಲಿ."

ಅವಳು ಕೂಸನ್ನು ನನ್ನ ತೊಡೆಗೆ ಹಾಕಿ ಒಳಗೆ ಹೋಗಿ, ಅಂದು ನಾನು ಕೊಟ್ಟಿದ್ದ ದಿಂಬನ್ನು ತಂದು ನನ್ನ ಬೆನ್ನ ಹಿಂದೆ ಇಟ್ಟಳು. ಸಂತೋಷ ಪಡಬೇಕಿತ್ತು, ಪಟ್ಟೆ ಕೂಡ. ಆದರೆ ಐದು ತಿಂಗಳ ಆ ಕೂಸು ಆಗಲೇ ತಲೆ ನೆಟ್ಟಗೆ ನಿಲ್ಲಿಸಿ ನನ್ನನ್ನು ನೋಡುತ್ತಿತ್ತು. ನನ್ನದು ಹೀಗೆ ತಲೆ ನಿಲ್ಲಿಸುವ ಹೊತ್ತಿಗೆ ಇದು ಮನೆ ತುಂಬಾ ಓಡಾಡುತ್ತಿರುತ್ತದೆ ಎಂದು ಒಳಗೇ ಎಣಿಸತೊಡಗಿದ್ದೆ.