ಇಪ್ಪತ್ತು ದಿನ ನಿಂತ ಕಾಗದ

ಅಕ್ಕಿ ತಟ್ಟೆಯನ್ನು ಸಿದ್ದಲಕ್ಷ್ಮಮ್ಮ ಮೂರನೆಯ ಸಲ ಆಚೆ ನೂಕಿದಳು. ಗಂಡ ವೆಂಕಟಾಚಲಂ ತಾನೇ ನೇಯ್ದ ರೇಷ್ಮೆ ಪಂಚೆ ಹೊದ್ದು ಚಟ್ಟದ ಮೇಲೆ ಮಲಗಿದ್ದ.

"ಅತ್ತಿಗೆ, ಬಾಯ್ಗೆ ನಾಕು ಕಾಳಾದ್ರೂ ಆಕು. ಎತ್ತೋ ಟೈಮಾಯ್ತು," ಎಂದಳು ನಾದಿನಿ ಪಳನಿಯಮ್ಮ.

"ಐವತ್ತು ವರ್ಸ ಲಾರಿ ಲಾರಿ ಅಕ್ಕಿ ಬೇಯ್ಸಿ ಆಕಿವ್ನಿ, ಸಾಲ್ದಾ? ಮಗೀಗೆ ಜರ, ಬಾ ಅಂತ ಕಾಗ್ದ ಬರ್ಸಿದ್ರೆ, ಕೊಲಂಬೊದಾಗೆ ಪಂಚೆ ಮಾರ್ತಾ ಕುಂತಿದ್ದೋನು. ಇವನ ಬಾಯ್ಗೆ ನಾನ್ ಆಕಲ್ಲ."

ಬಾಗಿಲಲ್ಲಿದ್ದ ಅಪರಿಚಿತ ಮುದುಕ ಚಪ್ಪಲಿ ಬಿಟ್ಟು ಒಳಬಂದ. ಹೆಸರು ವಿಮಲಸೇನ, ಊರು ಕೊಲಂಬೊ ಎಂದು ತಮಿಳಿನಲ್ಲಿ ಹೇಳಿದ. "ಅಮ್ಮಾ, ಆ ಕಾಗದ ಹೊತ್ತಿಗೆ ಸರಿಯಾಗಿ ಅವನ ಕೈ ಸೇರಲಿಲ್ಲ. ನನ್ನ ಹತ್ತಿರ ಇತ್ತು."

"ನಿಮ್ತಾವ ಯಾಕ್ ಬಂತು?"

"ಅವನು ಪಂಚೆ ಮಾರ್ತಾ ನಿಮ್ಮ ಸರ್ಕಾರಕ್ಕೆ ಸುದ್ದಿ ಕಳಿಸ್ತಿದ್ದ. ಅವನ ಮೇಲೆ ಕಣ್ಣಿಡೋದು ನನಗೆ ನಮ್ಮ ಸರ್ಕಾರ ಕೊಟ್ಟ ಕೆಲಸ."

"ನಮ್ಮಣ್ಣನಾ?" ಎಂದಳು ಪಳನಿಯಮ್ಮ. "ಬದ್ನೆಕಾಯಿ ರೇಟ್ನೂ ಗುಟ್ಟಾಗಿ ಮಡಿಕ್ಕೊಳ್ಳಾಕೆ ಬರ್ದೋನು. ಆ ಕಾಗ್ದ ನಾನೇ ಬರ್ದಿದ್ದು. ಅತ್ತಿಗೆ ಕನ್ನಡದಾಗೆ ಏಳಿದ್ಲು, ನಾನು ತಮಿಳು ಅಕ್ಸರದಾಗೆ ಬರ್ದೆ. ತಮಿಳ್ನಾಡಾಗೆ ಓದಿದ್ ನಮ್ಗೆ ಬರೋದು ಅದೊಂದೇ ಅಕ್ಸರ."

"ಅಕ್ಷರ ತಮಿಳು, ಮಾತು ತಮಿಳಲ್ಲ. ಆಗ ನನಗೆ ಕನ್ನಡ ತಿಳೀತಿರ್ಲಿಲ್ಲ, ಗುಪ್ತಭಾಷೆ ಅಂದ್ಕೊಂಡೆ. ಬಿಡಿಸೋಕೆ ಇಪ್ಪತ್ತು ದಿನ ಇಟ್ಕೊಂಡ್ವಿ." ಮುದುಕ ತಲೆ ಎತ್ತದೆ ಕ್ಷಮೆ ಕೇಳಿದ. "ಮನ್ನಿಚ್ಚಿಡುಂಗಮ್ಮ."

ಮಗು ಮಾಲತಿ ತೀರಿಕೊಂಡದ್ದು ಕಾಗದ ಹಾಕಿದ ಹನ್ನೊಂದನೆಯ ದಿನ.

ಸಿದ್ದಲಕ್ಷ್ಮಮ್ಮ ಚಟ್ಟದ ಕಡೆ ತಿರುಗಿದಳು. "ಅವ್ರಿಗೆ ಇದು ಗೊತ್ತಿತ್ತಾ?"

*

ಗೊತ್ತಿತ್ತು. ನೂಲು ತರುತ್ತೇನೆಂದು ಹೇಳಿ ವೆಂಕಟಾಚಲಂ ವರ್ಷಕ್ಕೊಮ್ಮೆ ಹೋಗುತ್ತಿದ್ದದ್ದು ಹೊಗೆನಕಲ್‌ಗೆ. ಬೇಹಿನ ಕೆಲಸ ಬಿಟ್ಟಿದ್ದ ಅವನೂ ವಿಮಲಸೇನನೂ ಮೀನಂಗಡಿಯ ಬೆಂಚಿನ ಮೇಲೆ ಕೂತು ಮೀನು ತಿನ್ನುತ್ತಿದ್ದರು.

"ನಾನು ಬಂದರಿನ ಹಡಗು ಎಣಿಸ್ದೆ, ನೀನು ನನ್ನ ಹೆಜ್ಜೆ ಎಣಿಸ್ದೆ," ಎಂದಿದ್ದ ವೆಂಕಟಾಚಲಂ ಹೋದ ವರ್ಷ. "ಯಾವ ದೇಶಕ್ಕೆ ಏನು ಲಾಭ ಆಯ್ತೋ ಕಾಣೆ."

"ನಿನ್ನ ಹೆಂಡತಿಗೆ ನಾನೇ ಹೇಳ್ತೀನಿ," ಎಂದಿದ್ದ ವಿಮಲಸೇನ.

"ಬೇಡ. ಕಾಗದ ಹಿಡಿದೋನು ನೀನು, ಸರಿ. ಆ ಕೆಲಸಕ್ಕೆ ಒಪ್ಪಿ ಹೋದೋನು ನಾನಲ್ವಾ? ಬೈಸ್ಕೊಂಡು ಇರ್ತೀನಿ."

ಈ ವರ್ಷ ವಿಮಲಸೇನ ಅದೇ ಬೆಂಚಿನಲ್ಲಿ ನಿನ್ನೆಯಿಡೀ ಕಾದ. ಕೊನೆಗೆ ಫೋನ್ ಮಾಡಿದಾಗ ಸಾವಿನ ಸುದ್ದಿ ಸಿಕ್ಕಿತು.

*

ವಿಮಲಸೇನ ಇಷ್ಟನ್ನೂ ಹೇಳಿ ಮುಗಿಸಿದಾಗ ಸಿದ್ದಲಕ್ಷ್ಮಮ್ಮ ತಟ್ಟೆಗೆ ಕೈಹಾಕಿದಳು. ಗಂಡನ ಬಾಯಿಯವರೆಗೂ ಮುಷ್ಟಿ ಹೋಗಲಿಲ್ಲ. ಬೆರಳು ಸಡಿಲಿ ಅಕ್ಕಿಯೆಲ್ಲ ಅವನೆದೆಯ ಮೇಲೆ ಚೆಲ್ಲಿತು. ಹೊರುವ ನಾಲ್ವರು ಬಗ್ಗಿ ಚಟ್ಟದ ಬಿದಿರು ಹಿಡಿದರು.

"ಇರ್ರಪ್ಪ," ಎಂದಳು.

ಪಂಚೆಯ ಮಡಿಕೆಗಳಲ್ಲಿ ಬೆರಳಾಡಿಸಿ ಒಂದೊಂದೇ ಕಾಳು ಹೆಕ್ಕಿ ಅವನ ತುಟಿಗಿಡತೊಡಗಿದಳು. ನಾಲ್ವರೂ ಬಗ್ಗಿದ ಬೆನ್ನು ಎತ್ತದೆ ನಿಂತರು.